ಹೊರಡಲೊಲ್ಲದ ಮೋಟಾರು



ಮೋಟಾರು ಹೊರಡಲೊಲ್ಲದೆ ನಿಂತಾಗ ಅದರ ಕಾರಣವನ್ನು ಹೇಗೆ ಕಂಡುಹಿಡಿಯಬೇಕು, ಕಂಡುಹಿಡಿದ ಮೇಲೆ ಏನು ಮಾಡಬೇಕು, ಎಂಬುದು ಈ ಸಂಜೆಯ ವಿಷಯ. ಇದು ಕಾರ್ಖಾನೆಯ ಮೇಸ್ತ್ರಿಗೆ ಸೇರಿದ ಮಾತಲ್ಲವೆ, ಕಾಲೇಜಿನಲ್ಲಿ ಪಾಠ ಹೇಳುವವನಿಗೆ ಇದರ ಗೊಡವೆ ಏಕೆ, ಎಂದು ನಿಮ್ಮಲ್ಲಿ ಕೆಲವರು ಕೇಳಬಹುದು. ಪ್ರಶ್ನೆಯು ನ್ಯಾಯವಾದುದೇ. ಯಂತ್ರವನ್ನು ಬಿಚ್ಚಿ ಜೋಡಿಸುವುದು ಕೈಚಳಕವುಳ್ಳವನ ಕೆಲಸ. ಅದರಲ್ಲಿ ನನಗೆ ಯಾವ ಅಧಿಕಾರವೂ ಇಲ್ಲ. ಆದರೆ ನೂರಾರು ಅಂಗಗಳಲ್ಲಿ ಯಾವುದನ್ನು ಬಿಚ್ಚಬೇಕು, ಯಾವುದನ್ನು ಮುಟ್ಟದೆ ಬಿಡಬೇಕು ಎಂದು ನಿಶ್ಚಯಿಸುವುದು ತರ್ಕದ ಕೆಲಸ. ಆ ಕೆಲಸವನ್ನು ವಿದ್ಯಾವಂತರಾದ ನಾವು ಸಾಮಾನ್ಯವಾಗಿ ಮಾಡುವುದೇ ಇಲ್ಲ. ಬಂಡಿಯು ಒಂದು ಸಲ ಕೆಮ್ಮಿ ಸುಮ್ಮನಾಯಿತೆಂದರೆ, ಪರೀಕ್ಷೆಯ ಕೊಠಡಿಯಲ್ಲಿ ತೋರಿಸಿದ ಬುದ್ಧಿಯನ್ನೆಲ್ಲ ಮನೆಯಲ್ಲಿ ಬಿಟ್ಟು ಬಂದವರಂತೆ ಕೀಲಿಯನ್ನು ಮತ್ತೆ ಮತ್ತೆ ತಿರುಗಿಸುತ್ತ ಕುಳಿತುಬಿಡುವೆವು.

ಮಾತು ಬರಿಯ ಸಿದ್ಧಾಂತವಾಗದಿರಲೆಂದು ಒಂದು ಸ್ಥಳವನ್ನು ಆರಿಸಿಕೊಳ್ಳೋಣ. ಉತ್ತರ ಕನ್ನಡ ಜಿಲ್ಲೆಯ ಹೊನ್ನಾವರ ತಾಲ್ಲೂಕಿನಲ್ಲಿ ಇಡಗುಂಜಿಯೆಂಬ ಕ್ಷೇತ್ರವಿದೆ. ಶರಾವತಿಯ ಎಡಗಡೆಯ ಕುಂಜವಾದುದರಿಂದ ಈ ಹೆಸರು ಬಂದಿತೆಂದು ಹೇಳುವರು. ಅಲ್ಲಿಯ ಮಹಾಗಣಪತಿಯು ಎರಡೇ ಕೈಗಳುಳ್ಳ, ನಿಂತಿರುವ ಪುರಾತನ ಮೂರ್ತಿ. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಯಕ್ಷಗಾನ ಮಂಡಳಿಯು ಈ ದೇವರ ಹೆಸರನ್ನೇ ಇಟ್ಟುಕೊಂಡಿರುವುದರಿಂದ, ಆ ಸೀಮೆಯನ್ನು ನೋಡದವರೂ ಊರಿನ ಹೆಸರನ್ನು ಕೇಳಿರುತ್ತಾರೆ. ವಿಘ್ನನಿವಾರಕನ ಸನ್ನಿಧಿಯಾದುದರಿಂದ, ಹೊಸ ಬಂಡಿಯನ್ನು ಕೊಂಡವರು ಪೂಜೆಗೆಂದು ಅದನ್ನು ಅಲ್ಲಿಗೆ ತರುವುದುಂಟು. ಹೀಗೆ ಮೋಟಾರಿಗೂ ಇಡಗುಂಜಿಗೂ ಒಂದು ನಂಟು ತಾನಾಗಿಯೇ ಬೆಳೆದಿದೆ.

ಆದರೆ ಮೋಟಾರಿನ ದೃಷ್ಟಿಯಿಂದ ನೋಡಿದರೆ ಆ ಸೀಮೆಯು ಅಷ್ಟು ಸೌಮ್ಯವಾದುದಲ್ಲ. ವರ್ಷಕ್ಕೆ 3000 ಮಿಲಿಮೀಟರಿಗೆ ಮೇಲ್ಪಟ್ಟ ಮಳೆ. ಅದರ ಬಹುಭಾಗವು ಜೂನಿನಿಂದ ಸೆಪ್ಟೆಂಬರಿನವರೆಗಿನ ನಾಲ್ಕು ತಿಂಗಳಲ್ಲೇ ಸುರಿಯುವುದು. ಪಶ್ಚಿಮಕ್ಕೆ ಸಮುದ್ರ, ಅದರ ಗಾಳಿಯಲ್ಲಿ ಉಪ್ಪು. ಪೂರ್ವಕ್ಕೆ ಸಹ್ಯಾದ್ರಿ, ಹೊನ್ನಾವರದಿಂದ ಗೇರುಸೊಪ್ಪೆಯ ಘಟ್ಟವನ್ನು ಹತ್ತಿಯೇ ಜೋಗಕ್ಕೂ ಶಿವಮೊಗ್ಗೆಗೂ ಹೋಗಬೇಕು. ತೇವ, ಉಪ್ಪು, ಏರು, ಈ ಮೂರೂ ಸೇರಿ ಬಂಡಿಯಲ್ಲಿ ಎಲ್ಲಿ ಬಲಹೀನತೆಯಿದೆಯೋ ಅಲ್ಲಿಯೇ ಅದನ್ನು ಹಿಡಿದು ಕೇಳುತ್ತವೆ. ಇನ್ನೊಂದು ಮಾತು. ಈ ಜಿಲ್ಲೆಯಲ್ಲಿ ದೊಡ್ಡ ಕಾಯಿಲೆಯೊಂದು ಬಂದರೆ ಜನರು ಮಣಿಪಾಲಕ್ಕೋ ಮಂಗಳೂರಿಗೋ ಓಡುವರು. ಇಡಗುಂಜಿಯಿಂದ ಮಣಿಪಾಲವೇ 100 ಕಿಲೋಮೀಟರಿಗೆ ಮೇಲ್ಪಟ್ಟು ದೂರವಿದೆ. ಮಳೆಗಾಲದ ನಡುರಾತ್ರಿಯಲ್ಲಿ ಎದೆನೋವೆಂದು ಒದ್ದಾಡುವ ಮುದುಕರನ್ನು ಹಿಂದಿನ ಪೀಠದಲ್ಲಿ ಮಲಗಿಸಿ ಕೀಲಿ ತಿರುಗಿಸಿದವನಿಗೆ, ಬಂಡಿ ಹೊರಡದಿರುವುದು ವಿನೋದದ ಸಂಗತಿಯಲ್ಲ. ಆದುದರಿಂದ ಈ ವಿಷಯವನ್ನು ಸ್ವಲ್ಪ ಶ್ರದ್ಧೆಯಿಂದ ನೋಡಬೇಕೆಂದು ಕೇಳಿಕೊಳ್ಳುವೆನು.

ಮೊದಲು, ಮೋಟಾರು ಹೊರಡುವುದು ಎಂದರೇನು? ಜರ್ಮನಿಯ ನಿಕೊಲಾಸ್ ಆಟೊ ಎಂಬಾತನು 1876ರಲ್ಲಿ ನಡೆಸಿ ತೋರಿಸಿದ ಕ್ರಮವೇ ಇಂದಿಗೂ ಪೆಟ್ರೋಲು ಎಂಜಿನುಗಳ ಆಧಾರ. ಕೊಳವೆಯಂಥ ಸಿಲಿಂಡರಿನೊಳಗೆ ಪಿಸ್ಟನ್ನು ಕೆಳಗಿಳಿಯುತ್ತ ಗಾಳಿಯನ್ನೂ ಪೆಟ್ರೋಲಿನ ಆವಿಯನ್ನೂ ಒಳಕ್ಕೆಳೆಯುವುದು. ಮೇಲೇರುತ್ತ ಅದನ್ನು ಅದುಮುವುದು. ಆ ಹೊತ್ತಿಗೆ ಸರಿಯಾಗಿ ಒಂದು ಕಿಡಿ ಹಾರಿ ಮಿಶ್ರಣವು ಉರಿದು ಪಿಸ್ಟನ್ನನ್ನು ಕೆಳಕ್ಕೆ ನೂಕುವುದು. ನಾಲ್ಕನೆಯದಾಗಿ ಹೊಗೆಯು ಹೊರಕ್ಕೆ ಹೋಗುವುದು. ಒಮ್ಮೆ ಉರಿ ಹತ್ತಿದರೆ ಒಂದು ಸುತ್ತು ಇನ್ನೊಂದನ್ನು ತಾನೇ ನಡೆಸಿಕೊಂಡು ಹೋಗುತ್ತದೆ. ಆದರೆ ಮೊದಲನೆಯ ಸುತ್ತನ್ನು ಹೊರಗಿನವರು ಯಾರಾದರೂ ತಿರುಗಿಸಿಕೊಡಬೇಕು. ಹಿಂದೆ ಮುಂಭಾಗದಲ್ಲಿ ಕಬ್ಬಿಣದ ಹಿಡಿಯನ್ನು ಸಿಕ್ಕಿಸಿ ಕೈಯಿಂದ ತಿರುಗಿಸುತ್ತಿದ್ದರು. ಅದು ಹಿಂದಕ್ಕೆ ಒದ್ದು ಎಷ್ಟೋ ಜನರ ಮಣಿಕಟ್ಟು ಮುರಿದಿತ್ತು. ಅಮೆರಿಕೆಯ ಚಾರ್ಲ್ಸ್ ಕೆಟರಿಂಗನು ಮಾಡಿದ ವಿದ್ಯುತ್ತಿನ ಸ್ಟಾರ್ಟರು 1912ರ ಕ್ಯಾಡಿಲ್ಯಾಕ್ ಬಂಡಿಗಳಲ್ಲಿ ಬಂದ ಮೇಲೆ ಈ ಕಷ್ಟ ತಪ್ಪಿತು. ನಮ್ಮ ಚಾಲಕರು ಇದನ್ನೇ 'ಸೆಲ್ಫ್' ಎಂದು ಕರೆಯುವುದು.

ಹಾಗಾದರೆ ಬಂಡಿ ಹೊರಡಬೇಕಾದರೆ ಐದು ಸಂಗತಿಗಳು ಕೂಡಿಬರಬೇಕು. ಸೆಲ್ಫನ್ನು ತಿರುಗಿಸುವಷ್ಟು ಬ್ಯಾಟರಿಯ ಬಲ, ಗಾಳಿ, ಪೆಟ್ರೋಲು, ಅದುಮುವಿಕೆ, ಮತ್ತು ಸರಿಯಾದ ಕ್ಷಣದಲ್ಲಿ ಕಿಡಿ. ಡೀಸೆಲ್ ಬಂಡಿಯಾದರೆ ಕಿಡಿಯಿಲ್ಲ. ಗಾಳಿಯನ್ನು ಬಲವಾಗಿ ಅದುಮಿದಾಗ ಹುಟ್ಟುವ ಕಾವಿನಿಂದಲೇ ಎಣ್ಣೆಯು ಹೊತ್ತಿಕೊಳ್ಳುವುದು. ಈ ಐದರಲ್ಲಿ ಒಂದು ತಪ್ಪಿದರೂ ಬಂಡಿ ಹೊರಡದು. ಐದೂ ಸರಿಯಿದ್ದರೆ ಹೊರಡದೆ ಇರಲು ಅದಕ್ಕೆ ಸಾಧ್ಯವೇ ಇಲ್ಲ. ಯಂತ್ರಕ್ಕೆ ಹಟವಿಲ್ಲ, ಮುನಿಸಿಲ್ಲ, ಗ್ರಹಚಾರವಿಲ್ಲ. ಈ ನಂಬಿಕೆಯನ್ನು ಮನಸ್ಸಿನಲ್ಲಿ ಗಟ್ಟಿಮಾಡಿಕೊಳ್ಳುವುದೇ ಪರೀಕ್ಷೆಯ ಮೊದಲನೆಯ ಮೆಟ್ಟಿಲು.

ನಮ್ಮ ವೈದ್ಯಶಾಸ್ತ್ರದಲ್ಲಿ ರೋಗಿಯನ್ನು ದರ್ಶನ, ಸ್ಪರ್ಶನ, ಪ್ರಶ್ನ ಎಂಬ ಮೂರು ಬಗೆಗಳಿಂದ ಪರೀಕ್ಷಿಸಬೇಕೆಂದು ವಿಧಿಸಿದ್ದಾರೆ. ಮೋಟಾರಿಗೂ ಇದೇ ಕ್ರಮವು ಒಪ್ಪುವುದು. ಕೇಳುವ ಪ್ರಶ್ನೆಗಳಿಗೆ ಅದು ಸದ್ದಿನ ಮೂಲಕ, ದೀಪದ ಮೂಲಕ, ವಾಸನೆಯ ಮೂಲಕ ಉತ್ತರ ಕೊಡುವುದು. ಕೇಳಬೇಕಾದ ಮೊದಲನೆಯ ಪ್ರಶ್ನೆ ಒಂದೇ: ಕೀಲಿ ತಿರುಗಿಸಿದಾಗ ಎಂಜಿನು ಸುತ್ತುವುದೋ ಇಲ್ಲವೋ? ಸುತ್ತದಿದ್ದರೆ ದೋಷವು ಬ್ಯಾಟರಿಯಿಂದ ಸೆಲ್ಫಿನವರೆಗಿನ ದಾರಿಯಲ್ಲಿದೆ. ಪೆಟ್ರೋಲನ್ನೂ ಪ್ಲಗ್ಗನ್ನೂ ಆಗ ಮುಟ್ಟಬೇಕಾದ್ದಿಲ್ಲ. ಚೆನ್ನಾಗಿ ಸುತ್ತಿಯೂ ಹೊತ್ತಿಕೊಳ್ಳದಿದ್ದರೆ ಬ್ಯಾಟರಿಯ ಮೇಲೆ ಅನುಮಾನ ಪಡುವ ಅಗತ್ಯವು ಬಹುಮಟ್ಟಿಗೆ ಇಲ್ಲ. ದೋಷವು ಪೆಟ್ರೋಲು, ಗಾಳಿ, ಕಿಡಿಗಳ ಕಡೆ ಇದೆ. ಈ ಒಂದೇ ಪ್ರಶ್ನೆಯು ಲೋಕವನ್ನು ಎರಡು ಪಾಲು ಮಾಡಿ, ಅರ್ಧದಷ್ಟು ಕೆಲಸವನ್ನು ಉಳಿಸಿಕೊಡುತ್ತದೆ. ಇದನ್ನು ಕೇಳದೆ ಪ್ಲಗ್ಗು ಬಿಚ್ಚುವವನು, ಹೊಟ್ಟೆನೋವಿನವನ ಕಣ್ಣಿಗೆ ಔಷಧ ಬಿಡುವ ವೈದ್ಯನಂತೆ.

ಎಂಜಿನು ಸುತ್ತದ ಪಕ್ಷವನ್ನು ಮೊದಲು ನೋಡೋಣ. ಇದರಲ್ಲಿಯೂ ಸದ್ದುಗಳು ಬೇರೆ ಬೇರೆ. ಕೀಲಿ ತಿರುಗಿಸಿದರೆ ಎದುರಿನ ಫಲಕದಲ್ಲಿ ಒಂದು ದೀಪವೂ ಹತ್ತಲಿಲ್ಲ, ಸದ್ದೂ ಇಲ್ಲ ಎಂದರೆ, ಬ್ಯಾಟರಿಯು ಪೂರ್ತಿಯಾಗಿ ಬತ್ತಿದೆ, ಇಲ್ಲವೆ ಅದರ ತುದಿಗೆ ಕಟ್ಟಿದ ತಂತಿಯು ಸಡಿಲವಾಗಿದೆ. ದೀಪಗಳು ಮಂಕಾಗಿ ಹತ್ತಿ, ಟಕಟಕಟಕ ಎಂದು ಬೇಗಬೇಗನೆ ಬಡಿದ ಸದ್ದು ಬಂದರೆ, ಬ್ಯಾಟರಿಯಲ್ಲಿ ಸ್ವಲ್ಪ ಜೀವವಿದೆ, ಆದರೆ ಸೆಲ್ಫನ್ನು ತಿರುಗಿಸಲು ಸಾಲದು. ದೀಪಗಳು ಪ್ರಕಾಶವಾಗಿದ್ದು ಒಂದೇ ಒಂದು ಟಕ್ ಎಂಬ ಸದ್ದು ಬಂದರೆ, ಸೆಲ್ಫಿನಲ್ಲೋ ಅದಕ್ಕೆ ಹೋಗುವ ದಪ್ಪ ತಂತಿಯಲ್ಲೋ ದೋಷವಿರಬಹುದು. ದೀಪಗಳು ಪ್ರಕಾಶವಾಗಿದ್ದು ಯಾವ ಸದ್ದೂ ಇಲ್ಲದಿದ್ದರೆ, ಸೆಲ್ಫಿಗೆ ಅಪ್ಪಣೆಯೇ ತಲಪಿಲ್ಲವೆಂದು ಅರ್ಥ. ಈಗಿನ ಅನೇಕ ಬಂಡಿಗಳಲ್ಲಿ ಕ್ಲಚ್ಚನ್ನು ಪೂರ್ತಿಯಾಗಿ ತುಳಿಯದೆ ಸೆಲ್ಫ್ ತಿರುಗದು. ಗೇರು ತಾನೇ ಬದಲಾಗುವ ಬಂಡಿಗಳಲ್ಲಿ ಬ್ರೇಕನ್ನು ತುಳಿಯಬೇಕು, ಗೇರಿನ ಹಿಡಿಯೂ ತಕ್ಕ ಸ್ಥಾನದಲ್ಲಿರಬೇಕು. ಕಾಲಡಿಯ ಹಾಸು ಮಡಿಸಿಕೊಂಡು ಕ್ಲಚ್ಚಿಗೆ ಅಡ್ಡವಾದರೂ ಸಾಕು, ಬಂಡಿ ಹೊರಡದು. ಹಾಸನ್ನು ಸರಿಪಡಿಸುವುದಕ್ಕೆ ಮೇಸ್ತ್ರಿ ಬೇಡವಷ್ಟೆ.

ಬ್ಯಾಟರಿಯ ಬಲವನ್ನು ಅಳೆಯುವುದು ಕಷ್ಟವಲ್ಲ. ವೋಲ್ಟನ್ನು ತೋರಿಸುವ ಸಣ್ಣ ಮೀಟರು ವಿದ್ಯುತ್ ಸಾಮಾನಿನ ಅಂಗಡಿಗಳಲ್ಲಿ ಸಿಕ್ಕುತ್ತದೆ. ಸೀಸ ಮತ್ತು ಗಂಧಕಾಮ್ಲದ ಆರು ಕೋಶಗಳನ್ನು ಜೋಡಿಸಿದ ಬ್ಯಾಟರಿಯು, ಬಂಡಿ ಕೆಲವು ಗಂಟೆ ಸುಮ್ಮನೆ ನಿಂತಿದ್ದಾಗ, ಸುಮಾರು 12.6 ವೋಲ್ಟು ತೋರಿಸಿದರೆ ತುಂಬಿದೆ; 12.2 ತೋರಿಸಿದರೆ ಅರ್ಧವಾಗಿದೆ. 12ಕ್ಕೂ ಕೆಳಗಿಳಿದರೆ ಬರಿದಾಗುತ್ತ ಬಂದಿದೆ. ಎಂಜಿನು ಓಡುತ್ತಿರುವಾಗ ಅದು 14ರ ಆಸುಪಾಸಿಗೆ ಏರಬೇಕು. ಏರದಿದ್ದರೆ ತಪ್ಪು ಬ್ಯಾಟರಿಯದಲ್ಲ, ಅದನ್ನು ತುಂಬುವ ಆಲ್ಟರ್ನೇಟರಿನದು. ಆಗ ಹೊಸ ಬ್ಯಾಟರಿಯನ್ನು ತಂದು ಹಾಕಿದರೂ ಬೇಗನೆ ಅದಕ್ಕೂ ಅದೇ ಗತಿ. ರೋಗ ಬೇರೆ, ರೋಗದ ಚಿಹ್ನೆ ಬೇರೆ ಎಂಬುದಕ್ಕೆ ಇದಕ್ಕಿಂತ ಸುಲಭವಾದ ಉದಾಹರಣೆ ಬೇಕಿಲ್ಲ.

ಕರಾವಳಿಯಲ್ಲಿ ಇನ್ನೊಂದು ಸಂಗತಿಯುಂಟು. ಬ್ಯಾಟರಿಯು ತುಂಬಿದ್ದರೂ ಅದರ ತುದಿಗಳಲ್ಲಿ ಬಿಳಿದಾಗಿಯೋ ಹಸುರುನೀಲಿಯಾಗಿಯೋ ಪುಡಿಯು ಬೆಳೆದು ವಿದ್ಯುತ್ತಿಗೆ ಅಡ್ಡನಿಲ್ಲುವುದು. ಬ್ಯಾಟರಿಯಿಂದ ಬಂಡಿಯ ಮೈಗೆ ಕಟ್ಟಿರುವ ತಂತಿಯ ಬುಡದಲ್ಲಿ ಉಪ್ಪುಗಾಳಿಯಿಂದ ತುಕ್ಕು ಹಿಡಿಯುವುದು. ದೀಪಕ್ಕೆ ಬೇಕಾದ ವಿದ್ಯುತ್ತು ಅಲ್ಪ. ಅದು ಹೇಗೋ ನುಸುಳಿಕೊಂಡು ಹೋಗುತ್ತದೆ. ಸೆಲ್ಫಿಗಾದರೋ ನೂರು ಆಂಪಿಯರಿಗೂ ಹೆಚ್ಚು ಬೇಕು. ಅದು ತುಕ್ಕಿನಲ್ಲಿ ಸಿಕ್ಕಿಕೊಳ್ಳುವುದು. ದೀಪ ಹತ್ತುತ್ತದೆ, ಆದುದರಿಂದ ತಂತಿ ಸರಿಯಿದೆ, ಎಂಬ ಅನುಮಾನವು ಇಲ್ಲಿ ಕೆಟ್ಟುಹೋಗುವುದು ಹೀಗೆ. ಕಿರುದಾರಿಯಲ್ಲಿ ಆಳು ನಡೆದನೆಂದ ಮಾತ್ರಕ್ಕೆ ಅಲ್ಲಿ ತೇರು ಎಳೆಯಬಹುದೆಂದು ಹೇಳಲಾದೀತೆ? ಉಪಾಯವು ಸುಲಭ. ಮೊದಲು ಋಣ ತುದಿಯ ತಂತಿಯನ್ನೂ ಆಮೇಲೆ ಧನ ತುದಿಯ ತಂತಿಯನ್ನೂ ಬಿಚ್ಚಿ, ಬಿಸಿನೀರಿನಲ್ಲಿ ಅಡುಗೆ ಸೋಡಾ ಕದಡಿ ತೊಳೆದು, ಒರಸಿ, ಉಜ್ಜಿ, ಬಿಗಿಯಾಗಿ ಕಟ್ಟಬೇಕು. ಕಟ್ಟುವಾಗ ಧನ ತುದಿ ಮೊದಲು, ಋಣ ತುದಿ ಕೊನೆಗೆ. ಮೇಲೆ ಸ್ವಲ್ಪ ವ್ಯಾಸಲೀನು ಸವರಿದರೆ ತೇವವು ಬೇಗ ಸುಳಿಯದು.

ಬೆಂಗಳೂರಿನಲ್ಲಿ ಉದ್ಯೋಗ, ಊರಿನಲ್ಲಿ ಹಳೆಯ ಮನೆ, ಅಲ್ಲಿ ಒಂದು ಬಂಡಿ, ಇಂಥ ಸಂಸಾರಗಳು ಈಗ ಬಹಳ. ವರ್ಷಕ್ಕೆರಡು ಸಲ ಹಬ್ಬಕ್ಕೆ ಹೋದಾಗಲೆಲ್ಲ ಬಂಡಿ ಸತ್ತುಬಿದ್ದಿರುತ್ತದೆ. ಬ್ಯಾಟರಿ ಮಾರಿದವನು ಮೋಸ ಮಾಡಿದನೆಂದು ದೂರುವರು. ಲೆಕ್ಕ ಹಾಕಿ ನೋಡೋಣ. ಈಗಿನ ಬಂಡಿಯು ನಿಂತಿರುವಾಗಲೂ ಗಡಿಯಾರ, ಕಳ್ಳಗಂಟೆ, ಒಳಗಿನ ಗಣಕ ಮುಂತಾದುವುಗಳಿಗೆ ಸ್ವಲ್ಪ ವಿದ್ಯುತ್ತನ್ನು ಕೊಡುತ್ತಲೇ ಇರುವುದು. ಅದು 30 ಮಿಲಿ ಆಂಪಿಯರೆಂದು ಇಟ್ಟುಕೊಳ್ಳಿ. ದಿನಕ್ಕೆ 24 ಗಂಟೆಯಂತೆ 30 ದಿನಕ್ಕೆ 21.6 ಆಂಪಿಯರ್-ಗಂಟೆಯಾಯಿತು. ಸಣ್ಣ ಬಂಡಿಯ ಬ್ಯಾಟರಿಯ ಒಟ್ಟು ಶಕ್ತಿಯೇ 35 ಆಂಪಿಯರ್-ಗಂಟೆಯ ಸುಮಾರು. ಅಂದರೆ ಒಂದು ತಿಂಗಳಲ್ಲಿ ಅರ್ಧಕ್ಕಿಂತ ಹೆಚ್ಚು ಖರ್ಚು. ಎರಡನೆಯ ತಿಂಗಳು ಪೂರ್ತಿ ಬರಿದು. ಯಾರೂ ಮೋಸ ಮಾಡಲಿಲ್ಲ. ತಿಂಗಳುಗಟ್ಟಲೆ ಬಿಟ್ಟುಹೋಗುವವರು ಋಣ ತುದಿಯ ತಂತಿಯನ್ನು ಬಿಚ್ಚಿಟ್ಟು ಹೋಗಬೇಕು, ಇಲ್ಲವೆ ನೆರೆಯವರೊಬ್ಬರಿಗೆ ಕೀಲಿಯನ್ನು ಕೊಟ್ಟು, ವಾರಕ್ಕೊಮ್ಮೆ ಹೊನ್ನಾವರದವರೆಗಾದರೂ ಓಡಿಸಿಕೊಂಡು ಬರುವಂತೆ ಹೇಳಬೇಕು. ಅಂಗಳದಲ್ಲಿಯೇ ಐದು ನಿಮಿಷ ಗುರುಗುಟ್ಟಿಸಿ ನಿಲ್ಲಿಸುವುದರಿಂದ ಬಂದ ಲಾಭಕ್ಕಿಂತ ಖರ್ಚೇ ಹೆಚ್ಚಾಗಬಹುದು.

ಬತ್ತಿದ ಬ್ಯಾಟರಿಗೆ ಇನ್ನೊಂದು ಬಂಡಿಯಿಂದ ಸಾಲ ತೆಗೆದುಕೊಳ್ಳುವ ಪದ್ಧತಿಯುಂಟು. ಅದರ ಕ್ರಮವನ್ನು ಕಂಠಪಾಠ ಮಾಡಿಕೊಳ್ಳುವುದು ಒಳ್ಳೆಯದು. ಕೆಂಪು ತಂತಿಯ ಒಂದು ತುದಿಯನ್ನು ಬತ್ತಿದ ಬ್ಯಾಟರಿಯ ಧನಕ್ಕೂ ಇನ್ನೊಂದನ್ನು ಒಳ್ಳೆಯ ಬ್ಯಾಟರಿಯ ಧನಕ್ಕೂ ಕಟ್ಟಬೇಕು. ಕಪ್ಪು ತಂತಿಯನ್ನು ಒಳ್ಳೆಯ ಬ್ಯಾಟರಿಯ ಋಣಕ್ಕೆ ಕಟ್ಟಿ, ಅದರ ಕೊನೆಯನ್ನು ಬತ್ತಿದ ಬಂಡಿಯ ಎಂಜಿನಿನ ಬರಿಯ ಲೋಹಕ್ಕೆ, ಬ್ಯಾಟರಿಯಿಂದ ದೂರದಲ್ಲಿ ಸಿಕ್ಕಿಸಬೇಕು. ದೂರವೇಕೆಂದರೆ, ಬ್ಯಾಟರಿಯಿಂದ ಜಲಜನಕವು ಹೊರಡುವುದುಂಟು; ಕೊನೆಯ ತಂತಿಯನ್ನು ಸಿಕ್ಕಿಸುವಾಗ ಕಿಡಿ ಹಾರುವುದು; ಜಲಜನಕವೂ ಕಿಡಿಯೂ ಒಂದೆಡೆ ಸೇರಬಾರದು. ಬಿಚ್ಚುವಾಗ ಇದೇ ಕ್ರಮವನ್ನು ಹಿಂದುಮುಂದಾಗಿ ಅನುಸರಿಸಬೇಕು. ಹಿಂದಿನಿಂದ ತಳ್ಳಿ ಎರಡನೆಯ ಗೇರಿನಲ್ಲಿ ಎಬ್ಬಿಸುವ ಹಳೆಯ ಉಪಾಯವು ಕ್ಲಚ್ಚಿರುವ ಬಂಡಿಗಳಿಗೆ ಮಾತ್ರ ಸಲ್ಲುವುದು. ಗೇರು ತಾನೇ ಬದಲಾಗುವ ಬಂಡಿಯನ್ನು ತಳ್ಳುವವರಿಗೆ ಬೆವರು ಬರುವುದೇ ಹೊರತು ಎಂಜಿನು ಏಳದು.

ಈಗ ಎರಡನೆಯ ಪಕ್ಷ. ಎಂಜಿನು ಚೆನ್ನಾಗಿ ಸುತ್ತುತ್ತದೆ, ಹೊತ್ತಿಕೊಳ್ಳುವುದಿಲ್ಲ. ಇಲ್ಲಿ ಮೊದಲು ಕಿವಿ, ಆಮೇಲೆ ಮೂಗು. ಪೆಟ್ರೋಲನ್ನು ಚಿಮ್ಮಿಸುವ ಹೊಸ ರೀತಿಯ ಬಂಡಿಗಳಲ್ಲಿ, ಕೀಲಿಯನ್ನು ಸೆಲ್ಫಿಗಿಂತ ಒಂದು ಹೆಜ್ಜೆ ಹಿಂದೆ ನಿಲ್ಲಿಸಿದರೆ, ಹಿಂದಿನ ಪೀಠದ ಕೆಳಗಿನಿಂದ ಒಂದೆರಡು ಸೆಕೆಂಡು ಜುಂಯ್ ಎಂಬ ಸಣ್ಣ ಸದ್ದು ಸಾಮಾನ್ಯವಾಗಿ ಕೇಳಿಬರುವುದು. ಅದು ಪೆಟ್ರೋಲಿನ ಪಂಪು. ಸದ್ದಿಲ್ಲದಿದ್ದರೆ ಪಂಪಿನ ಫ್ಯೂಸನ್ನು ನೋಡಬೇಕು. ಹತ್ತಾರು ರೂಪಾಯಿಯ ಫ್ಯೂಸು ಸಾವಿರಾರು ರೂಪಾಯಿಯ ಪಂಪಿನ ಅಪಕೀರ್ತಿಗೆ ಕಾರಣವಾಗುವುದುಂಟು. ಅಪಘಾತದಲ್ಲಿ ಪೆಟ್ರೋಲನ್ನು ನಿಲ್ಲಿಸುವ ಗುಂಡಿಯೊಂದು ಕೆಲವು ಬಂಡಿಗಳಲ್ಲಿರುವುದು. ದೊಡ್ಡ ಗುಂಡಿಯಲ್ಲಿ ಚಕ್ರ ಬಿದ್ದ ಪೆಟ್ಟಿಗೂ ಅದು ಒಮ್ಮೊಮ್ಮೆ ಎಗರಿ ನಿಲ್ಲಬಹುದು.

ಇನ್ನು ಮೂಗು. ಹೊಗೆಯಿರುವಲ್ಲಿ ಬೆಂಕಿಯಿರಬೇಕೆಂಬುದು ನಮ್ಮ ನೈಯಾಯಿಕರ ಪ್ರಸಿದ್ಧವಾದ ಅನುಮಾನ. ಇಲ್ಲಿ ಬೆಂಕಿಯಿಲ್ಲದಿರುವುದೇ ಸಮಸ್ಯೆಯಾದುದರಿಂದ ನಾವು ವಾಸನೆಯನ್ನು ಹೇತುವಾಗಿ ಇಟ್ಟುಕೊಳ್ಳಬೇಕು. ನಾಲ್ಕೈದು ಸಲ ಸುತ್ತಿಸಿದ ಮೇಲೆ ಹಿಂಬದಿಯ ಹೊಗೆಕೊಳವೆಯಲ್ಲಿ ಪೆಟ್ರೋಲಿನ ವಾಸನೆಯು ಬಲವಾಗಿ ಬಂದರೆ, ಪೆಟ್ರೋಲು ಬರುತ್ತಿದೆ, ಕಿಡಿ ಹಾರುತ್ತಿಲ್ಲ, ಅಥವಾ ಪೆಟ್ರೋಲೇ ಮಿತಿಮೀರಿ ಪ್ಲಗ್ಗುಗಳು ತೊಯ್ದಿವೆ. ವಾಸನೆಯೇ ಇಲ್ಲದಿದ್ದರೆ ಪೆಟ್ರೋಲು ಬರುತ್ತಿಲ್ಲ. ಒಂದು ಪಾಲು ಪೆಟ್ರೋಲಿಗೆ ತೂಕದಲ್ಲಿ ಸುಮಾರು 14.7 ಪಾಲು ಗಾಳಿಯಿದ್ದಾಗ ಉರಿಯು ಪೂರ್ಣವಾಗುವುದು; ಈ ಪ್ರಮಾಣವು ಬಹಳ ಕೆಟ್ಟರೆ ಕಿಡಿಯಿದ್ದರೂ ವ್ಯರ್ಥ. ಪ್ಲಗ್ಗು ತೊಯ್ದಿರುವ ಸಂಶಯ ಬಂದರೆ ಹತ್ತು ನಿಮಿಷ ಸುಮ್ಮನಿದ್ದು, ಆಕ್ಸಿಲರೇಟರನ್ನು ನೆಲಕ್ಕೆ ಮುಟ್ಟುವಂತೆ ತುಳಿದುಕೊಂಡು ಸೆಲ್ಫ್ ತಿರುಗಿಸಬೇಕು. ಪೆಟ್ರೋಲು ಚಿಮ್ಮಿಸುವ ಬಹುತೇಕ ಬಂಡಿಗಳಲ್ಲಿ ಹೀಗೆ ತುಳಿದಾಗ ಗಣಕವು ಪೆಟ್ರೋಲನ್ನು ನಿಲ್ಲಿಸಿ ಗಾಳಿಯನ್ನು ಮಾತ್ರ ಬಿಡುವುದು, ಸಿಲಿಂಡರು ಒಣಗುವುದು.

ಸುತ್ತುವ ಎಂಜಿನು ಹೊತ್ತಿಕೊಳ್ಳದಿರಲು ಇನ್ನೊಂದು ಆಧುನಿಕ ಕಾರಣವಿದೆ. ಕಳ್ಳರಿಂದ ರಕ್ಷಿಸುವುದಕ್ಕಾಗಿ ಕೀಲಿಯೊಳಗೆ ಒಂದು ಗುಪ್ತ ಸಂಕೇತವನ್ನು ಅಡಗಿಸಿರುತ್ತಾರೆ. ಬಂಡಿಯು ಕೀಲಿಯ ಗುರುತು ಹಿಡಿಯದಿದ್ದರೆ, ಯಜಮಾನನೇ ಕುಳಿತಿದ್ದರೂ ಕಳ್ಳನೆಂದೇ ಭಾವಿಸಿ ಎಂಜಿನನ್ನು ಹೊತ್ತಿಸದು. ಕೆಲವು ಬಂಡಿಗಳಲ್ಲಿ ಹೊತ್ತಿಸಿ ಎರಡು ಸೆಕೆಂಡಿನಲ್ಲಿ ಆರಿಸಿಬಿಡುವುದು. ಫಲಕದಲ್ಲಿ ಕೀಲಿಯ ಅಥವಾ ಬೀಗದ ಚಿತ್ರವು ಮಿಟುಕುತ್ತಿದ್ದರೆ ಇದನ್ನೇ ಶಂಕಿಸಿ, ಮನೆಯಲ್ಲಿಟ್ಟ ಎರಡನೆಯ ಕೀಲಿಯನ್ನು ತರಿಸಿ ನೋಡಬೇಕು. ಜೇಬಿನಲ್ಲಿಯೇ ಇಟ್ಟುಕೊಳ್ಳುವ ಕೀಲಿಯಾದರೆ ಅದರೊಳಗಿನ ಬಿಲ್ಲೆಯಂಥ ಬ್ಯಾಟರಿಯು ಮುಗಿದಿರಬಹುದು. ಆಗ ಬಹಳಷ್ಟು ಬಂಡಿಗಳಲ್ಲಿ ಆ ಕೀಲಿಯನ್ನೇ ಹೊರಡಿಸುವ ಗುಂಡಿಗೆ ತಾಗಿಸಿ ಹಿಡಿದರೆ ಗುರುತು ಸಿಕ್ಕುವುದು.

ಇಡಗುಂಜಿಯ ಗಣಪತಿಯ ವಿಷಯದಲ್ಲಿ ಒಂದು ವಿಶೇಷವನ್ನು ಎತ್ತಿ ಹೇಳುವರು: ಬೇರೆಡೆಗಳಂತೆ ಇಲ್ಲಿ ವಾಹನವಾದ ಇಲಿಯ ಆಕೃತಿಯಿಲ್ಲ. ದೇವರ ಬಳಿಯಲ್ಲಿ ಇಲ್ಲದ ಈ ಪ್ರಾಣಿಯು ಬಂಡಿಯ ಬಾನೆಟ್ಟಿನೊಳಗೆ ಧಾರಾಳವಾಗಿ ಕಾಣಿಸಿಕೊಳ್ಳುವುದು. ಮಳೆಗಾಲದಲ್ಲಿ ಎಂಜಿನಿನ ಬೆಚ್ಚನೆಯ ಮೂಲೆ ಅದಕ್ಕೆ ಪ್ರಿಯ. ತಂತಿಯ ಹೊದಿಕೆಯನ್ನು ಕಡಿಯುವುದು ಅದರ ಹಲ್ಲಿಗೆ ಹಿತ. ರಾತ್ರಿ ಸರಿಯಾಗಿದ್ದ ಬಂಡಿಯು ಬೆಳಗ್ಗೆ ಯಾವ ಮುನ್ಸೂಚನೆಯೂ ಇಲ್ಲದೆ ಹಟಾತ್ತನೆ ನಿಂತಿದ್ದರೆ, ಬಾನೆಟ್ಟನ್ನೆತ್ತಿ ಹಿಕ್ಕೆಯೂ ಹುಲ್ಲೂ ಕಡಿದ ತಂತಿಯೂ ಇವೆಯೇ ಎಂದು ನೋಡುವುದು ಅತ್ಯಾವಶ್ಯಕ. ಇದು ದರ್ಶನಪರೀಕ್ಷೆ. ಇದಕ್ಕೆ ಒಂದು ಕಾಸೂ ಬೇಡ.

ಹಿಂದಿನ ಅಂಬಾಸಿಡರು, ಫಿಯೆಟ್ಟು, ಮೊದಮೊದಲಿನ ಮಾರುತಿ ಬಂಡಿಗಳನ್ನು ಈಗಲೂ ಪ್ರೀತಿಯಿಂದ ಇಟ್ಟುಕೊಂಡಿರುವವರಿದ್ದಾರೆ. ಅವುಗಳ ರೋಗಗಳು ಬೇರೆ. ಮಳೆಗಾಲದ ಬೆಳಗ್ಗೆ ಡಿಸ್ಟ್ರಿಬ್ಯೂಟರಿನ ಮುಚ್ಚಳದೊಳಗೆ ತೇವ ಕಟ್ಟಿ ಕಿಡಿಯು ದಾರಿ ತಪ್ಪುವುದು. ಒಣಬಟ್ಟೆಯಿಂದ ಒಳಗೂ ಹೊರಗೂ ಒರಸಿದರೆ ಬಂಡಿ ಏಳುವುದು. ಬೇಸಗೆಯಲ್ಲಿ ಘಟ್ಟ ಹತ್ತಿ ನಿಲ್ಲಿಸಿದ ಮೇಲೆ, ಕಾದ ಪಂಪಿನೊಳಗೆ ಪೆಟ್ರೋಲು ಆವಿಯಾಗಿ ಹರಿವು ನಿಲ್ಲುವುದು. ಪಂಪಿನ ಮೇಲೆ ಒದ್ದೆ ಬಟ್ಟೆಯನ್ನು ಹೊದಿಸಿ ಕಾಯುವುದು ಹಳೆಯ ಚಾಲಕರ ಪದ್ಧತಿ. ಅವರಿಗೆ ಭೌತಶಾಸ್ತ್ರದ ಪರಿಭಾಷೆ ತಿಳಿದಿರಲಿಲ್ಲ. ಅದರ ಸಾರ ತಿಳಿದಿತ್ತು. ಹೊಸ ಬಂಡಿಗಳಲ್ಲಿ ಪಂಪು ತೊಟ್ಟಿಯೊಳಗೇ ಮುಳುಗಿರುವುದರಿಂದ ಈ ತೊಂದರೆ ಬಹಳ ಕಡಿಮೆ. ಅವಕ್ಕೂ ಹಳೆಯವಕ್ಕೂ ಒಂದು ಹೊಸ ಎಚ್ಚರಿಕೆಯುಂಟು. 2023ರಿಂದೀಚೆಗೆ ನಮ್ಮ ಪೆಟ್ರೋಲಿನಲ್ಲಿ ನೂರಕ್ಕೆ 20ರಷ್ಟು ಎಥನಾಲ್ ಬೆರೆಸುವುದು ಹಬ್ಬುತ್ತ ಬಂದಿದೆ. ಎಥನಾಲು ನೀರನ್ನು ಹೀರುವ ಗುಣವುಳ್ಳದ್ದು. ತೊಟ್ಟಿಯಲ್ಲಿ ನೀರಿನ ಅಂಶ ಹೆಚ್ಚಾದರೆ ಎಥನಾಲೂ ನೀರೂ ಒಂದಾಗಿ ಪೆಟ್ರೋಲನ್ನು ಬಿಟ್ಟು ತಳಕ್ಕಿಳಿಯುವುವು. ಪಂಪು ಹೀರುವುದು ತಳದಿಂದಲೇ. ಆದುದರಿಂದ ಕರಾವಳಿಯ ಮಳೆಯಲ್ಲಿ ಬಂಡಿಯನ್ನು ವಾರಗಟ್ಟಲೆ ನಿಲ್ಲಿಸುವವರು ತೊಟ್ಟಿಯ ಮುಚ್ಚಳವನ್ನು ಭದ್ರಪಡಿಸಿ, ತೊಟ್ಟಿಯನ್ನು ತುಂಬಿಸಿಡುವುದು ಮೇಲು. ಡೀಸೆಲ್ ಬಂಡಿಯವರು ಶೋಧಕದ ತಳದಲ್ಲಿ ಶೇಖರವಾಗುವ ನೀರನ್ನು ಕಾಲಕಾಲಕ್ಕೆ ಇಳಿಸಬೇಕು.

ಮಾಡಬೇಕಾದುದನ್ನು ಹೇಳಿದೆನು, ಮಾಡಬಾರದುದನ್ನೂ ಹೇಳಬೇಕು. ಸೆಲ್ಫನ್ನು ಒಮ್ಮೆಗೆ ಹತ್ತು ಸೆಕೆಂಡಿಗಿಂತ ಹೆಚ್ಚು ತಿರುಗಿಸಬಾರದು. ನಡುವೆ ಅರ್ಧ ನಿಮಿಷವಾದರೂ ವಿಶ್ರಾಂತಿ ಕೊಡಬೇಕು. ಕಿಡಿ ಇದೆಯೇ ಎಂದು ನೋಡಲು ಪ್ಲಗ್ಗಿನ ತಂತಿಯನ್ನು ಕಿತ್ತು ಕೈಯಲ್ಲಿ ಹಿಡಿಯಬಾರದು. ಅಲ್ಲಿರುವುದು ಸಾವಿರಾರು ವೋಲ್ಟು. ಗಾಳಿಯ ಬಾಯಿಗೆ ಪೆಟ್ರೋಲು ಸುರಿದು ಎಬ್ಬಿಸುವ ಸಾಹಸದಿಂದ ಬಂಡಿಯೂ ಮುಖವೂ ಸುಟ್ಟುಹೋಗಬಹುದು. ಎಲ್ಲಕ್ಕಿಂತ ಮುಖ್ಯವಾದುದು ಇದು: ಬಂಡಿಯು ನೆರೆಯ ನೀರಿನಲ್ಲಿ ನಿಂತಿದ್ದರೆ ಕೀಲಿಯನ್ನು ತಿರುಗಿಸಲೇಬಾರದು. ಮಳೆಗಾಲದಲ್ಲಿ ಹೊಳೆಗಳು ತುಂಬಿ ತಗ್ಗಿನ ಅಂಗಳಗಳಿಗೆ ನುಗ್ಗುವುದು ಆ ಕಡೆಯವರಿಗೆ ಹೊಸದಲ್ಲ. ಗಾಳಿಯನ್ನು ಅದುಮಬಹುದು, ನೀರನ್ನು ಅದುಮಲಾಗದು. ಸಿಲಿಂಡರಿನೊಳಗೆ ನೀರು ಸೇರಿದ್ದಾಗ ಎಂಜಿನನ್ನು ತಿರುಗಿಸಿದರೆ, ಪಿಸ್ಟನ್ನಿಗೆ ಕೂಡಿಸಿದ ಉಕ್ಕಿನ ದಂಡವೇ ಬಾಗಿಹೋಗುವುದು. ಒಂದು ದಿನದ ಶುಚಿಯಿಂದ ಸರಿಹೋಗುತ್ತಿದ್ದ ಬಂಡಿಯು ಒಂದು ಕ್ಷಣದ ಆತುರದಿಂದ ಎಂಜಿನನ್ನೇ ಕಳೆದುಕೊಳ್ಳುವುದು. ಅಲ್ಲಿ ಪ್ರಯತ್ನ ಮಾಡದಿರುವುದೇ ಬುದ್ಧಿವಂತಿಕೆ.

ಇಷ್ಟೆಲ್ಲ ಏಕೆ, ಈಗ ಬಂಡಿಯ ಗಣಕವೇ ದೋಷವನ್ನು ಹೇಳುವುದಲ್ಲ, ಎಂದು ಕೆಲವರು ಕೇಳಬಹುದು. 2010ರಿಂದ ನಮ್ಮ ದೇಶದ ಹೊಸ ಬಂಡಿಗಳಲ್ಲಿ ಇಂಥ ಸ್ವಯಂಪರೀಕ್ಷೆಯ ಏರ್ಪಾಡನ್ನು ಕಡ್ಡಾಯಗೊಳಿಸುತ್ತ ಬಂದಿರುವುದು ನಿಜ. ಮೇಸ್ತ್ರಿಯು ಸಣ್ಣ ಯಂತ್ರವೊಂದನ್ನು ಸಿಕ್ಕಿಸಿ ಅದರ ಸಂಕೇತವನ್ನು ಓದುವನು. ಆದರೆ ಗಣಕವು ಸಾಕ್ಷಿ, ನ್ಯಾಯಾಧೀಶನಲ್ಲ. ಇಂಥ ಸೂಚಕದಿಂದ ವರದಿ ಬರುತ್ತಿಲ್ಲ ಎಂದು ಮಾತ್ರ ಅದು ಹೇಳಬಲ್ಲುದು. ಸೂಚಕವು ಕೆಟ್ಟಿದೆಯೋ, ಅದರ ತಂತಿಯನ್ನು ಇಲಿ ಕಡಿದಿದೆಯೋ, ಬ್ಯಾಟರಿಯ ಬಲ ಕುಂದಿದ್ದರಿಂದ ಎಲ್ಲ ಸಾಕ್ಷಿಗಳೂ ತೊದಲುತ್ತಿವೆಯೋ, ಅದು ಅರಿಯದು. ಸಂಕೇತವನ್ನು ಓದಿ ಒಂದರ ಮೇಲೊಂದು ಸಾಮಾನು ಬದಲಾಯಿಸುತ್ತ ಹೋಗುವುದು ಪರೀಕ್ಷೆಯಲ್ಲ, ಜೂಜು. ಒಳ್ಳೆಯ ಮೇಸ್ತ್ರಿಯ ಗುರುತು ಯಾವುದೆಂದರೆ, ಸಾಮಾನನ್ನು ಬದಲಾಯಿಸುವುದಕ್ಕೆ ಮುಂಚೆ, ಅದು ಕೆಟ್ಟಿದೆಯೆಂದು ನಿಮಗೆ ತೋರಿಸಿಕೊಡುವನು. ಅಂಥವರು ನಮ್ಮ ಊರೂರಿನಲ್ಲೂ ಹೆದ್ದಾರಿಯ ಬದಿಯಲ್ಲೂ ಇದ್ದಾರೆ. ಕಾಲೇಜನ್ನು ನೋಡದೆ ಇದ್ದರೂ ಅನ್ವಯವ್ಯತಿರೇಕಗಳ ಮರ್ಮವನ್ನು ಬಲ್ಲವರು. ಅವರ ಬಳಿಗೆ ಹೋದಾಗ, 'ಬ್ಯಾಟರಿ ಹೋಗಿದೆ, ಬದಲಾಯಿಸಿ' ಎಂದು ತೀರ್ಪನ್ನು ಹೇಳಬೇಡಿರಿ. ಎಂಜಿನು ಸುತ್ತಿತೇ, ಯಾವ ಸದ್ದು ಬಂದಿತು, ಯಾವ ದೀಪ ಹತ್ತಿತು, ತಣ್ಣಗಿದ್ದಾಗಲೋ ಕಾದಿದ್ದಾಗಲೋ, ಮಳೆಯ ಮೇಲೋ ಬಿಸಿಲಿನಲ್ಲೋ, ಎಂದು ಕಂಡದ್ದನ್ನು ಹೇಳಿರಿ. ಆ ವಿವರಗಳಿಂದ ಅವರ ಸಮಯವೂ ನಿಮ್ಮ ಹಣವೂ ಉಳಿಯುವುದು.

ಇಡಗುಂಜಿಯ ಸ್ಥಳಪುರಾಣದಲ್ಲಿ ವಾಲಖಿಲ್ಯರೆಂಬ ಋಷಿಗಳ ಕಥೆಯುಂಟು. ಅವರ ಯಜ್ಞಕ್ಕೆ ಮೇಲಿಂದ ಮೇಲೆ ವಿಘ್ನಗಳು ಬರಲು, ಮೊಂಡುಹಿಡಿದು ಅದನ್ನೇ ಮುಂದುವರಿಸದೆ, ನಿಂತು, ತಿಳಿದವನಾದ ನಾರದನನ್ನು ವಿಚಾರಿಸಿದರೆಂದೂ, ಅವನ ಮಾತಿನಂತೆ ಗಣಪತಿಯನ್ನು ಆರಾಧಿಸಿದರೆಂದೂ ಹೇಳುವರು. ಭಕ್ತರಿಗೆ ಅದರಲ್ಲಿ ಭಕ್ತಿಯ ಪಾಠವಿದೆ. ವಿಘ್ನ ಬಂದಾಗ ಮೊದಲು ನಿಂತು ವಿಚಾರಿಸಬೇಕೆಂಬ ಪಾಠವೂ ಅದರಲ್ಲಿದೆಯೆಂದು ನನ್ನ ಎಣಿಕೆ. ಹೊಸ ಬಂಡಿಯ ಚಕ್ರದ ಕೆಳಗೆ ನಿಂಬೆಹಣ್ಣನ್ನಿಡುವವರು ಇಡಲಿ. ಅದರ ಜೊತೆಗೆ ಬ್ಯಾಟರಿಯ ತುದಿಗಳನ್ನು ಉಜ್ಜಿಡುವುದರಿಂದ ಯಾವ ದೇವರಿಗೂ ಕೋಪ ಬರಲಾರದು.

ಕಡೆಯದಾಗಿ ನಿಮ್ಮಲ್ಲಿ ಒಂದು ವಿಜ್ಞಾಪನೆ. ಮನೆಯಲ್ಲಿ ವೃದ್ಧರೋ ರೋಗಿಗಳೋ ಇದ್ದು, ಆಸ್ಪತ್ರೆಯು ದೂರವಿದ್ದರೆ, ಬಂಡಿಯಲ್ಲಿ ಎರಡು ದಪ್ಪ ತಂತಿ, ಒಂದು ಮೀಟರು, ನಾಲ್ಕು ಫ್ಯೂಸು, ಒಂದು ಬ್ಯಾಟರಿ ದೀಪ, ಒಣಬಟ್ಟೆ, ಇಷ್ಟನ್ನು ಇಟ್ಟುಕೊಳ್ಳಿರಿ. ಮಳೆಗಾಲಕ್ಕೆ ಮುಂಚೆ ಮೇ ತಿಂಗಳಿನಲ್ಲಿ ಬ್ಯಾಟರಿಯನ್ನು ಒಮ್ಮೆ ಅಳೆಸಿರಿ; ನಾಲ್ಕೈದು ವರ್ಷ ದುಡಿದಿದ್ದರೆ ಅದು ಸಾಯುವವರೆಗೆ ಕಾಯದೆ ಬೀಳ್ಕೊಡಿರಿ. ಬಂಡಿ ಇಳಿಜಾರಿನ ಕಡೆಗೆ, ಬಾಗಿಲ ಕಡೆಗೆ ಮುಖಮಾಡಿ ನಿಂತಿರಲಿ. ಮನೆಯಲ್ಲಿ ಓಡಿಸಬಲ್ಲವರೆಲ್ಲರಿಗೂ, ಹೆಂಗಸರಿಗೂ ಹುಡುಗರಿಗೂ, ಆ ಒಂದು ಪ್ರಶ್ನೆಯನ್ನು ಕಲಿಸಿರಿ: ಎಂಜಿನು ಸುತ್ತುವುದೋ ಇಲ್ಲವೋ? ಹತ್ತು ನಿಮಿಷದಲ್ಲಿ ಉತ್ತರ ದೊರೆಯದಿದ್ದರೆ ಬಂಡಿಯನ್ನು ಅಲ್ಲಿಯೇ ಬಿಟ್ಟು ನೆರೆಮನೆಯ ಕದ ತಟ್ಟಿರಿ, 108ಕ್ಕೆ ಕರೆಮಾಡಿರಿ. ಯಂತ್ರದ ಪರೀಕ್ಷೆಯನ್ನು ಬೆಳಗ್ಗೆ ಮುಂದುವರಿಸಬಹುದು. ರೋಗಿಗೆ ಅಷ್ಟು ಹೊತ್ತು ಇರುವುದಿಲ್ಲ.